ಯುದ್ಧಕಾಲದ ಪಡಿತರ: ಒಂದು ಅಂಗಡಿಯ ಲೆಕ್ಕಪುಸ್ತಕದಿಂದ

ಅವಶ್ಯಕ ವಸ್ತುಗಳ ಅಧಿನಿಯಮ, 1955 ನಮ್ಮ ವರ್ತಕ ಬಂಧುಗಳಿಗೆ ಹೊಸದೇನಲ್ಲ. ದಾಸ್ತಾನು ಮಿತಿ, ಲೈಸೆನ್ಸು, ತಪಾಸಣೆ ಎಂಬ ಮಾತು ಬಂದಾಗಲೆಲ್ಲ ಅದರ ನೆನಪಾಗುತ್ತದೆ. ಆದರೆ ಈ ಶಾಸನದ ಬೇರು ಎರಡನೆಯ ಮಹಾಯುದ್ಧದ ಕಾಲಕ್ಕೆ ಹೋಗುತ್ತದೆ ಎಂಬುದನ್ನು ಬಹಳಷ್ಟು ಮಂದಿ ಗಮನಿಸಿರಲಾರರು. 1939ರ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಹೊರಟ ನಿಯಂತ್ರಣ ಆಜ್ಞೆಗಳು ಯುದ್ಧ ಮುಗಿದ ಮೇಲೆ 1946ರ ಅವಶ್ಯಕ ಸರಬರಾಜುಗಳ (ತಾತ್ಕಾಲಿಕ ಅಧಿಕಾರಗಳ) ಅಧಿನಿಯಮದಲ್ಲಿ ಆಶ್ರಯ ಪಡೆದವು. ಅಲ್ಲಿಂದ 1955ರ ಶಾಸನಕ್ಕೆ ಬಂದವು. 'ತಾತ್ಕಾಲಿಕ' ಎಂಬ ಪದಕ್ಕೆ ನಮ್ಮ ಶಾಸನಗಳಲ್ಲಿ ಇರುವಷ್ಟು ದೀರ್ಘಾಯುಷ್ಯ ಬೇರೆ ಯಾವ ಪದಕ್ಕೂ ಇಲ್ಲವೇನೋ!

1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಬರ್ಮಾದಿಂದ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮೀರಿ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಸರ್ಕಾರ ಮೊದಲು ಕೈಹಾಕಿದ್ದು ಬೆಲೆ ನಿಗದಿಗೆ. ಮಾಲು ಪೂರೈಸುವ ಹೊಣೆ ಹೊರದೆ ಬೆಲೆಯನ್ನು ಮಾತ್ರ ಕಟ್ಟಿಹಾಕಿದರೆ ಏನಾಗುವುದೋ ಅದೇ ಆಯಿತು: ಅಕ್ಕಿ ಅಂಗಡಿಯಿಂದ ಮಾಯವಾಗಿ ಕಾಳಸಂತೆಯಲ್ಲಿ ಕಾಣಿಸಿಕೊಂಡಿತು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅದೇ ವರ್ಷ ಗ್ರೆಗರಿ ಸಮಿತಿಯು ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಪಡಿತರ ವ್ಯವಸ್ಥೆ ಬರಬೇಕು, ವಯಸ್ಕರಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ದೊರೆಯಬೇಕು ಎಂದು ಶಿಫಾರಸು ಮಾಡಿತು. ಬೆಲೆಯ ಹಿಂದೆ ಮಾಲೂ ಇರಬೇಕೆಂಬ ತಿಳಿವಳಿಕೆ ಇಷ್ಟು ತಡವಾಗಿ ಬಂದಿತು.

ಆಗ ಬೆಂಗಳೂರಿನಲ್ಲಿ ಎರಡು ಆಡಳಿತಗಳಿದ್ದವು. ಪೇಟೆ ಮೈಸೂರು ಸರ್ಕಾರದ್ದು, ದಂಡು ಬ್ರಿಟಿಷ್ ರೆಸಿಡೆಂಟರದ್ದು. ಸೈನ್ಯದ ಜಮಾವಣೆ, 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆ ಇವುಗಳಿಂದ ಉಣ್ಣುವ ಬಾಯಿಗಳು ಹೆಚ್ಚಿದ್ದವು. ನಮ್ಮ ತಾತ ಮತ್ತು ಅವರ ತಮ್ಮ, ಅಂದರೆ ನಮ್ಮ ಚಿಕ್ಕತಾತ, ತರಗುಪೇಟೆಯ ಮಗ್ಗುಲಲ್ಲಿ ಪಾಲುದಾರಿಕೆಯಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದರು. ಅವರಿಗೆ ಪಡಿತರ ಅಂಗಡಿಯ ಲೈಸೆನ್ಸು ದೊರೆಯಿತು. ಆಗ ನಮ್ಮ ತಂದೆಯವರಿಗೆ ಎಂಟು ವರ್ಷ. ದಾಸ್ತಾನಿನ ಲೆಕ್ಕವನ್ನು ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುವುದು ಅವರ ಕೆಲಸ.

ಪಾವು, ಸೇರುಗಳಲ್ಲಿ ಅಳೆದು ರೂಢಿಯಾಗಿದ್ದ ಕೈಗೆ ಈಗ ಪೌಂಡು, ಔನ್ಸುಗಳ ತೂಕ ಬಂದಿತು. ಐದು ಮಂದಿ ವಯಸ್ಕರಿರುವ ಚೀಟಿಗೆ ವಾರಕ್ಕೆ ಮೂವತ್ತೈದು ಪೌಂಡು. ಅದರ ಬೆಲೆಯನ್ನು ರೂಪಾಯಿ, ಆಣೆ, ಪೈಗಳಲ್ಲಿ ಕಟ್ಟಬೇಕು. ಚಿಲ್ಲರೆಯಂತೂ ಇರಲೇ ಇಲ್ಲ. ಬೆಳ್ಳಿಯ ಅಭಾವದಿಂದ 1940ರಲ್ಲಿ ಒಂದು ರೂಪಾಯಿಯ ನೋಟು ಬಂದಿತ್ತು, ತಾಮ್ರ ಉಳಿಸಲು 1943ರಲ್ಲಿ ನಡುವೆ ತೂತಿರುವ ಕಾಸು ಬಂದಿತು. ನೂರು ಪೌಂಡಿನ ಮೂಟೆಯನ್ನು ಚಿಲ್ಲರೆಯಾಗಿ ತೂಗಿದರೆ ಕೊನೆಗೆ ನೂರು ಪೌಂಡು ಲೆಕ್ಕಕ್ಕೆ ಸಿಗದು. ತಕ್ಕಡಿ ಹಿಡಿದ ಪ್ರತಿಯೊಬ್ಬರಿಗೂ ಇದು ಗೊತ್ತು, ಆದರೆ ತಪಾಸಣೆಯ ಅಧಿಕಾರಿಗೆ ಗೊತ್ತಿರಬೇಕಲ್ಲ!

ನಿಜವಾದ ತೊಡಕು ಬೇರೆಡೆ ಇತ್ತು. ಪಡಿತರ ಕೇವಲ ನಗದಿಗೆ. ಅಲ್ಲಿಯವರೆಗೆ ನಮ್ಮ ಅಂಗಡಿ ನಡೆದದ್ದು ಉದ್ದರಿಯ ಮೇಲೆ. ಕೂಲಿಕಾರರು, ಮಗ್ಗದವರು ತಿಂಗಳ ಕೊನೆಗೋ ಹಬ್ಬಕ್ಕೋ ತೀರಿಸುತ್ತಿದ್ದರು. ಈಗ ಅವರ ಕೈಯಲ್ಲಿ ಚೀಟಿ ಇದೆ, ಹಣವಿಲ್ಲ. ವಾರ ಕಳೆದರೆ ಆ ಪಾಲು ರದ್ದು. ಹೋಟೆಲಿನವರು ಅದೇ ಅಕ್ಕಿಗೆ ಇಮ್ಮಡಿ ಬೆಲೆ ಕೊಡಲು ಸಿದ್ಧರಿದ್ದರು. ಚಿಕ್ಕತಾತ ಹೇಳಿದರಂತೆ: "ಅಣ್ಣಯ್ಯ, ಚೀಟಿಯವರಿಗೆ ನಾಲ್ಕು ಕಾಸು ಕೊಟ್ಟು ಪಾಲು ಬಿಡಿಸಿಕೊಳ್ಳೋಣ. ಅವರಿಗೂ ಹಣವಾಯಿತು, ನಮಗೂ ಆಯಿತು." ಅದರಲ್ಲಿ ತರ್ಕವಿಲ್ಲವೆನ್ನಲಾಗದು. ಊರಿನಲ್ಲಿ ಹಾಗೆ ಮಾಡಿದವರೂ ಇದ್ದರು. ತಾತ ಒಪ್ಪಲಿಲ್ಲ. "ಹಣ ತಿಂದು ಬದುಕುವುದಕ್ಕಾಗುತ್ತದೇನೋ?" ಎಂದು ಕೇಳಿದರಂತೆ.

ಅವರು ಮಾಡಿದ್ದು ಇಷ್ಟು. ಹಣವಿಲ್ಲದವರ ಪಾಲಿನ ಬೆಲೆಯನ್ನು ತಮ್ಮ ಸ್ವಂತದಿಂದ ಪಡಿತರ ಲೆಕ್ಕಕ್ಕೆ ಜಮಾ ಮಾಡಿ, ಅವರ ಹೆಸರಿನಲ್ಲಿ ಇನ್ನೊಂದು ಪುಸ್ತಕದಲ್ಲಿ ಖರ್ಚು ಬರೆದರು. ಎರಡು ಪುಸ್ತಕ ಎಂದೊಡನೆ ನಮ್ಮ ವೃತ್ತಿಯವರ ಕಿವಿ ನೆಟ್ಟಗಾಗುತ್ತದೆ. ಇಲ್ಲಿ ಎರಡೂ ಸತ್ಯವಾಗಿದ್ದವು. ಆ ಎರಡನೆಯ ಪುಸ್ತಕ ನನ್ನ ಬಳಿ ಇದೆ. ಕಾಗದದ ಅಭಾವದಿಂದ ಹಳೆಯ ಕಿರ್ದಿಯ ಹಾಳೆಗಳ ಹಿಂಬದಿಯಲ್ಲಿ ಬರೆದದ್ದು. ಹಲವು ಹೆಸರುಗಳ ಮುಂದೆ ಜಮಾ ಕಡೆ ಖಾಲಿಯಾಗಿಯೇ ಉಳಿದಿದೆ.

1944ರಲ್ಲಿ ಪಾಲುದಾರಿಕೆ ಮುರಿಯಿತು. ಪಾಲುಪಟ್ಟಿಯಲ್ಲಿ ನಾನೂರು ರೂಪಾಯಿಗೂ ಮೀರಿದ ಈ ಬಾಕಿಯನ್ನೆಲ್ಲ ಪೂರ್ಣ ಬೆಲೆಗೆ ತಾತನ ಭಾಗಕ್ಕೆ ಹಾಕಲಾಯಿತು. ಗೋದಾಮು, ಎತ್ತಿನ ಗಾಡಿ ಚಿಕ್ಕತಾತನಿಗೆ ಹೋದವು. ಇಂದಿನ ಲೆಕ್ಕ ಪರಿಶೋಧಕನಾದರೆ ಆ ಬಾಕಿಯಲ್ಲಿ ಅರ್ಧವನ್ನಾದರೂ ವಸೂಲಾಗದ ಸಾಲವೆಂದು ತೆಗೆದಿಡುತ್ತಿದ್ದ. ತಾತ ತಕರಾರಿಲ್ಲದೆ ಸಹಿ ಹಾಕಿದ್ದಾರೆ. ಅಜ್ಜಿ ಮಾತ್ರ ಆ ಗಾಡಿಯ ವಿಷಯವನ್ನು ಕೊನೆಯವರೆಗೂ ಮರೆಯಲಿಲ್ಲ.

ಮನೆಯೊಳಗಿನ ಕಥೆ ಅಜ್ಜಿಯದೇ. ಅಕ್ಕಿಯ ಬದಲು ಗೋಧಿ ಕೊಟ್ಟಾಗ ಅದನ್ನು ಏನು ಮಾಡಬೇಕೆಂದು ತಿಳಿಯದೆ ಒಡೆದು ಅನ್ನದಂತೆ ಬೇಯಿಸಿದರಂತೆ. ಸೀಮೆಎಣ್ಣೆ ಉಳಿಸಲು ಸಂಜೆ ಬೆಳಕಿರುವಾಗಲೇ ಊಟ. ಪಡಿತರ ಅಂಗಡಿಯವರ ಮನೆಯೆಂದು ಬೀದಿಯವರು ಸಂಶಯದಿಂದ ನೋಡುತ್ತಿದ್ದರಿಂದ, ಅವರು ಅಡುಗೆಮನೆಯ ಕಿಟಕಿಯನ್ನು ಬೇಕೆಂದೇ ತೆರೆದಿಡುತ್ತಿದ್ದರು.

ಯುದ್ಧ ನಿಂತರೂ ಅಭಾವ ನಿಲ್ಲಲಿಲ್ಲ. 1946ರ ಆರಂಭದಲ್ಲಿ ಪಡಿತರ ಹನ್ನೆರಡು ಔನ್ಸಿಗೆ, ಅಂದರೆ ಸುಮಾರು 340 ಗ್ರಾಮಿಗೆ ಇಳಿಯಿತು. ಗಾಂಧೀಜಿಯವರ ಒತ್ತಾಸೆಯಿಂದ 1947ರ ಡಿಸೆಂಬರಿನಲ್ಲಿ ನಿಯಂತ್ರಣ ಸಡಿಲಿಸಲಾಯಿತು. ಬೆಲೆಗಳು ಏರಿದವು, 1948ರಲ್ಲಿ ನಿಯಂತ್ರಣ ಮರಳಿ ಬಂದಿತು. ಈ ಸಲ ಲೈಸೆನ್ಸು ಪಡೆದವರು ಚಿಕ್ಕತಾತ. ಅವರ ಪಡಿತರ ಲೆಕ್ಕ ಬರೆದುಕೊಟ್ಟವರು ತಾತ. ಪ್ರತಿ ಶನಿವಾರ ಸಂಜೆ ತಮ್ಮನ ಅಂಗಡಿಗೆ ಹೋಗುತ್ತಿದ್ದರು. ಸಂಬಳ ಪಡೆಯಲಿಲ್ಲ, ತೂಕದ ಕಾಲಂ ತಾಳೆಯಾಗುವವರೆಗೆ ಎದ್ದು ಬರುತ್ತಲೂ ಇರಲಿಲ್ಲ.