ಮಕ್ಕಳ ವೈದ್ಯನ ಯೋಗ್ಯತೆ ಮತ್ತು ಅದರ ಪರೀಕ್ಷೆ

2022ನೆಯ ಇಸವಿಯ ಮಳೆಗಾಲದಲ್ಲಿ ನಮ್ಮ ಪ್ರಸಾದನಿಲಯದ ಎಂಟನೆಯ ತರಗತಿಯ ಬಾಲಕನೊಬ್ಬನಿಗೆ ಡೆಂಗ್ಯೂ ಜ್ವರ ತಗುಲಿ, ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಐದನೆಯ ದಿನ ಬೆಳಗ್ಗೆ ಜ್ವರವಿಳಿಯಿತು. ಹುಡುಗನ ತಂದೆಯೂ ನಾನೂ ಸಮಾಧಾನಗೊಂಡು, ಅವನನ್ನು ಕರೆದೊಯ್ಯಲು ಅಪ್ಪಣೆ ಬೇಡಿದೆವು. ಆಗತಾನೆ ಎಂ.ಡಿ. ಮುಗಿಸಿ ಬಂದಿದ್ದ ತರುಣ ವೈದ್ಯರು ಒಪ್ಪಲಿಲ್ಲ. ಹುಡುಗನಿಗೆ ಹೊಟ್ಟೆನೋವಿತ್ತು, ಎರಡು ಸಲ ವಾಂತಿಯಾಗಿತ್ತು. ಈ ರೋಗದಲ್ಲಿ ಜ್ವರವಿಳಿಯುವ ಹೊತ್ತೇ ಅಪಾಯದ ಹೊತ್ತೆಂದೂ, ರಕ್ತನಾಳಗಳಿಂದ ದ್ರವಾಂಶ ಸೋರುವುದು ಆಗಲೇ ಎಂದೂ ಅವರು ತಿಳಿಸಿದರು. ಬಳಿಕ ನಮ್ಮೆದುರಿಗೇ ತಮ್ಮ ಗುರುಗಳಿಗೆ ದೂರವಾಣಿ ಮಾಡಿ, ನಾಳದ ಮೂಲಕ ಕೊಡಬೇಕಾದ ದ್ರವದ ಪ್ರಮಾಣವನ್ನು ವಿಚಾರಿಸಿಕೊಂಡರು. ಅದು ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು. ಬಾಲಕನೇನೋ ಗುಣಹೊಂದಿದನು. ಆದರೆ ನನ್ನ ಮನಸ್ಸಿನಲ್ಲಿ ಒಂದು ಶಂಕೆ ಉಳಿಯಿತು: ಗುರುವನ್ನು ಕೇಳದೆ ಮುಂದುವರಿಯಲಾರದವರನ್ನು ಸ್ವತಂತ್ರ ವೈದ್ಯರೆಂದು ಹೇಗೆ ಕರೆಯುವುದು?

ಶಂಕೆ ಬಂದರೆ ಗ್ರಂಥಕ್ಕೆ ಮೊರೆಹೋಗುವುದು ನನ್ನಂತಹವರ ರೂಢಿ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಈ ವಿಷಯಕ್ಕೆಂದೇ ಎರಡು ಅಧ್ಯಾಯಗಳಿವೆ. ಒಂಬತ್ತನೆಯದು ಅಭ್ಯಾಸವನ್ನು ಕುರಿತದ್ದು. ಕುಂಬಳ, ಸೋರೆ, ಸೌತೆಗಳ ಮೇಲೆ ಛೇದನವನ್ನೂ, ಸತ್ತ ಪಶುಗಳ ಸಿರೆಗಳ ಮೇಲೂ ತಾವರೆಯ ದಂಟಿನ ಮೇಲೂ ಸಿರಾವೇಧವನ್ನೂ ಶಿಷ್ಯನು ಕಲಿಯಬೇಕು. ಹತ್ತನೆಯ ಅಧ್ಯಾಯದ ಹೆಸರು ವಿಶಿಖಾನುಪ್ರವೇಶನೀಯ, ವಿಶಿಖೆಯೆಂದರೆ ಬೀದಿ. ವೈದ್ಯನು ವೃತ್ತಿಗಾಗಿ ಬೀದಿಗಿಳಿಯಲು ಶಾಸ್ತ್ರವನ್ನು ಓದಿದ್ದರೆ ಸಾಲದು. ಅರ್ಥವನ್ನು ಅರಿತಿರಬೇಕು, ಕರ್ಮವನ್ನು ಕಂಡಿರಬೇಕು, ಕೈಯಾರೆ ಅಭ್ಯಾಸ ಮಾಡಿರಬೇಕು, ಶಾಸ್ತ್ರವನ್ನು ಇನ್ನೊಬ್ಬರಿಗೆ ಹೇಳಬಲ್ಲವನಾಗಿರಬೇಕು; ಇಷ್ಟಾದ ಮೇಲೆ ರಾಜನ ಅನುಜ್ಞೆಯೂ ದೊರೆತಿರಬೇಕು. ಯೋಗ್ಯತೆಯೆಂಬುದು ಒಂದೇ ಗುಣವಲ್ಲ, ಮೆಟ್ಟಿಲುಮೆಟ್ಟಿಲಾಗಿ ಕೂಡಿಬರುವಂಥದೆಂಬ ತಿಳಿವು ಇಲ್ಲಿ ಸ್ಪಷ್ಟವಾಗಿದೆ.

ಮಕ್ಕಳ ವೈದ್ಯನ ವಿಷಯದಲ್ಲಿ ಈ ಮೆಟ್ಟಿಲುಗಳು ಇನ್ನೂ ಕಡಿದಾಗಿವೆ. ಹಸುಗೂಸು ತನ್ನ ನೋವನ್ನು ಹೇಳಲಾರದು. ಕಾಶ್ಯಪಸಂಹಿತೆಯಲ್ಲಿ ಇದಕ್ಕಾಗಿಯೇ ವೇದನಾಧ್ಯಾಯವೆಂಬುದಿದೆ. ಕಿವಿ ನೋಯುವ ಕೂಸು ಕೈಗಳಿಂದ ಕಿವಿಯನ್ನು ಮುಟ್ಟಿಕೊಳ್ಳುವುದು, ತಲೆಯನ್ನು ಆಡಿಸುವುದು ಮೊದಲಾದ ಚಿಹ್ನೆಗಳನ್ನು ಅಲ್ಲಿ ಹೇಳಿದೆ. ನಿಮಿಷಕ್ಕೆ 130 ನಾಡಿಬಡಿತ ವಯಸ್ಕನಲ್ಲಿ ಗಾಬರಿ ಹುಟ್ಟಿಸಬೇಕು, ಹಸುಳೆಯಲ್ಲಿ ಸಹಜ. 3 ಕಿಲೋ ತೂಕದ ಶಿಶುವಿಗೂ 30 ಕಿಲೋ ತೂಕದ ಬಾಲಕನಿಗೂ ಒಬ್ಬನೇ ವೈದ್ಯನು ತೂಕಕ್ಕೆ ತಕ್ಕಂತೆ ಔಷಧದ ಲೆಕ್ಕ ಹಾಕಬೇಕು. ದಶಮಾಂಶದ ಬಿಂದು ಒಂದು ಸ್ಥಾನ ಸರಿದರೆ ಹತ್ತುಪಟ್ಟು. ರಕ್ತಸಂಚಾರ ಕುಗ್ಗುತ್ತಿರುವ ಮಗುವಿನಲ್ಲಿ ರಕ್ತದ ಒತ್ತಡವು ಬಹುಹೊತ್ತು ನಿಂತಿದ್ದು, ಕೊನೆಗೆ ಒಮ್ಮೆಲೇ ಬೀಳುತ್ತದೆ.

ಇದನ್ನೆಲ್ಲ ಪರೀಕ್ಷಿಸುವುದೆಂತು? ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಆದಮೇಲೆ ಮೂರು ವರ್ಷ ಓದಿದವನು ಲೇಖೀ ಪರೀಕ್ಷೆಯನ್ನು ಬರೆದು, ರೋಗಿಗಳನ್ನು ಪರೀಕ್ಷಕರ ಮುಂದೆ ನೋಡಿ, ಮೌಖಿಕವನ್ನು ಎದುರಿಸಿದರೆ ಮಕ್ಕಳ ತಜ್ಞನಾಗುತ್ತಾನೆ. ಒಬ್ಬನ ಪಾಲಿಗೆ ಸುಲಭದ ರೋಗಿ, ಇನ್ನೊಬ್ಬನ ಪಾಲಿಗೆ ಕಠಿನದ ರೋಗಿ ಬರುವ ಅನ್ಯಾಯವನ್ನು ತಪ್ಪಿಸಲು ಸ್ಕಾಟ್ಲೆಂಡಿನ ಡಂಡಿಯಲ್ಲಿ ಹಾರ್ಡನ್ ಮತ್ತು ಅವರ ಸಂಗಡಿಗರು 1975ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿದರು: ಎಲ್ಲ ವಿದ್ಯಾರ್ಥಿಗಳೂ ಒಂದೇ ಬಗೆಯ ಪ್ರಶ್ನೆಗಳಿರುವ ಮೇಜಿನಿಂದ ಮೇಜಿಗೆ ಸರದಿಯಂತೆ ಸಾಗಬೇಕು. ಪರೀಕ್ಷೆ ನ್ಯಾಯವಾಯಿತು, ದಿಟ. ಆದರೆ ಪರೀಕ್ಷಕನ ಕಣ್ಣೆದುರು ಮಾಡಿ ತೋರಿಸುವುದು ಬೇರೆ, ರಾತ್ರಿ ಎರಡು ಗಂಟೆಗೆ ಯಾರೂ ನೋಡದಿರುವಾಗ ಮಾಡುವುದು ಬೇರೆ. ಪಾಠಶಾಲೆಯಲ್ಲಿ ಸೂತ್ರಗಳನ್ನು ಅಸ್ಖಲಿತವಾಗಿ ಒಪ್ಪಿಸಿದ ನನ್ನ ಸಹಪಾಠಿಗಳು ಒಂದು ಪತ್ರವನ್ನು ತಪ್ಪಿಲ್ಲದೆ ಬರೆಯಲಾರದೆ ಒದ್ದಾಡಿದ್ದನ್ನು ನಾನು ಕಂಡಿದ್ದೇನೆ.

ಈ ತೊಡಕಿಗೆ ಡಚ್ಚರ ನಾಡಿನ ಓಲೆ ಟೆನ್ ಕಾಟೆ ಎಂಬ ವೈದ್ಯಶಿಕ್ಷಣತಜ್ಞರು 2005ರಲ್ಲಿ ಒಂದು ಪರಿಹಾರವನ್ನು ಸೂಚಿಸಿದರು. ‘ಇವನಿಗೆ ಎಷ್ಟು ಅಂಕ?’ ಎಂದು ಕೇಳುವ ಬದಲು ‘ಈ ಕೆಲಸವನ್ನು ಇವನ ಕೈಗೆ ನಂಬಿ ಒಪ್ಪಿಸಬಹುದೇ?’ ಎಂದು ಕೇಳಬೇಕು. ಒಂದೊಂದು ಕೆಲಸಕ್ಕೂ ಐದು ಹಂತಗಳು: ನೋಡಲಷ್ಟೇ ಬಿಡುವುದು, ಹಿರಿಯರು ಪಕ್ಕದಲ್ಲಿದ್ದು ಮಾಡಿಸುವುದು, ಕರೆದರೆ ಬರುವಷ್ಟು ದೂರದಲ್ಲಿ ಹಿರಿಯರಿರುವುದು, ಒಬ್ಬನೇ ಮಾಡುವುದು, ಕಿರಿಯರಿಗೆ ಕಲಿಸುವುದು. ಸುಶ್ರುತನ ಪಟ್ಟಿಯನ್ನು ನೆನೆದ ವಾಚಕರಿಗೆ ಇದು ಅಪರಿಚಿತವೆನಿಸದು.

ಅಮೆರಿಕದ ಮಕ್ಕಳ ವೈದ್ಯಕೀಯ ಮಂಡಲಿಯು ಇಂತಹ 17 ಕೆಲಸಗಳನ್ನು ಗೊತ್ತುಪಡಿಸಿತ್ತು. ಆರೋಗ್ಯವಂತ ನವಜಾತ ಶಿಶುವಿನ ಪಾಲನೆ, ತುರ್ತು ಚಿಕಿತ್ಸೆ ಬೇಕಾದ ಮಗುವನ್ನು ಗುರುತಿಸುವುದು, ಪಾಳಿ ಬದಲಾಗುವಾಗ ರೋಗಿಯ ವಿವರವನ್ನು ಮುಂದಿನವರಿಗೆ ಒಪ್ಪಿಸುವುದು ಮೊದಲಾದವು ಅವುಗಳಲ್ಲಿ ಸೇರಿದ್ದವು. 23 ತರಬೇತಿ ಕೇಂದ್ರಗಳ ಸುಮಾರು ಎರಡು ಸಾವಿರ ಕಿರಿಯ ವೈದ್ಯರನ್ನು ಹೀಗೆ ಅಳೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ತರಬೇತಿಯ ಕೊನೆಗೆ ನೂರಕ್ಕೆ ತೊಂಬತ್ತು ಮಂದಿಯಾದರೂ ಒಬ್ಬರೇ ಮಾಡಬಲ್ಲವರಾಗಿರಬೇಕೆಂದು ಅಪೇಕ್ಷಿಸಿದರೆ, ಆ ಮಟ್ಟ ಮುಟ್ಟಿದ್ದು 17ರಲ್ಲಿ 8 ಕೆಲಸಗಳಲ್ಲಿ ಮಾತ್ರ. ಸಕಲ ಸೌಕರ್ಯವುಳ್ಳ ದೇಶದ ಮಾತಿದು. ಒಂದು ಕೆಲಸದಲ್ಲಿ ಸಿದ್ಧನಾದವನು ಇನ್ನೊಂದರಲ್ಲಿ ಸಿದ್ಧನಾಗಿಲ್ಲದಿರಬಹುದು. ಪದವಿಪತ್ರವು ಮಾತ್ರ ಎಲ್ಲಕ್ಕೂ ಒಂದೇ.

ನಂಬಿಕೆಗೆ ಆಧಾರವೇನೆಂಬುದನ್ನೂ ವಿದ್ವಾಂಸರು ವಿಚಾರಿಸಿದ್ದಾರೆ. ಜ್ಞಾನಕೌಶಲಗಳು, ಸತ್ಯವನ್ನು ನುಡಿಯುವುದು, ಶ್ರದ್ಧೆಯಿಂದ ಕೆಲಸ ಮಾಡುವುದು, ಇವುಗಳ ಜೊತೆಗೆ ತನ್ನ ಮಿತಿಯ ಅರಿವು. ನನ್ನ ಶಂಕೆ ತಲೆಕೆಳಗಾದದ್ದು ಇಲ್ಲಿ. ಜ್ವರವಿಳಿದ ಹುಡುಗನಲ್ಲಿ ಅಪಾಯವನ್ನು ಕಂಡು, ರೋಗಿಯ ಕಡೆಯವರ ಒತ್ತಾಯಕ್ಕೆ ಮಣಿಯದೆ, ತನಗೆ ನಿಶ್ಚಯವಿಲ್ಲದ ಒಂದಂಶವನ್ನು ನಾಚದೆ ಕೇಳಿದ ಆ ತರುಣರು ಸಿದ್ಧರಾಗಿದ್ದರು. ಸಿದ್ಧನಾಗದೆ ಇದ್ದವನು ಅಂದು ಬೆಳಗ್ಗೆ ನಮ್ಮ ಮಾತಿಗೊಪ್ಪಿ ಹುಡುಗನನ್ನು ಕಳುಹಿಸಿಬಿಡುತ್ತಿದ್ದನು. ಅವನನ್ನು ಒಳ್ಳೆಯ ವೈದ್ಯನೆಂದು ನಾವೇ ಹೊಗಳಿಕೊಂಡು ಬರುತ್ತಿದ್ದೆವು.

ಇಂತಹ ಗುಣವನ್ನು ಹತ್ತಿರದಲ್ಲಿದ್ದು ಬಹುಕಾಲ ನೋಡಿದವರೇ ಬಲ್ಲರು. ಕಂಡದ್ದು, ನೆರವಾದದ್ದು, ತಾನೇ ಮಾಡಿದ್ದು ಎಂದು ದಿನಚರಿಯಲ್ಲಿ ಬರೆದಿಡುವ ಪದ್ಧತಿ ನಮ್ಮ ವೈದ್ಯಕಾಲೇಜುಗಳಲ್ಲಿಯೂ ಇದೆ. ಆದರೆ ವರ್ಷದ ಕೊನೆಗೆ ಒಟ್ಟಾಗಿ ಸಹಿ ಹಾಕಿಸಿಕೊಳ್ಳುವುದೂ ಉಂಟೆಂದು ನನ್ನ ಹಳೆಯ ಶಿಷ್ಯರೇ ನಗುತ್ತ ಹೇಳಿದ್ದಾರೆ. 2020ರ ನಿಯಮದಂತೆ ಸ್ನಾತಕೋತ್ತರ ವೈದ್ಯವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಬೇಕು. ಅಲ್ಲಿ ಹಿರಿಯ ವೈದ್ಯರಾಗಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಪ್ರಾರ್ಥನೆಯಿಷ್ಟೇ: ಕೈಕೆಳಗಿನ ಕಿರಿಯನು ಯಾವ ರಾತ್ರಿ ತಮ್ಮನ್ನು ಎಬ್ಬಿಸಿದನು, ಎಬ್ಬಿಸಬೇಕಾದ ಯಾವ ರಾತ್ರಿ ಎಬ್ಬಿಸಲಿಲ್ಲ ಎಂಬ ಎರಡು ಸಾಲನ್ನು ಸಹಿಯ ಮೇಲೆ ಬರೆಯಿರಿ.