ಕನ್ಸಲ್ಟಿಂಗ್ ಕೆಲಸ: ವಾರಕ್ಕೆ ಎಷ್ಟು ರಾತ್ರಿ ಹೊರಗೆ?

ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಹುದ್ದೆಯ ವಿವರದಲ್ಲಿ ‘ಪ್ರಯಾಣ ಶೇ. 80’ ಎಂದು ಓದಿ ಗಾಬರಿಯಾಗುವವರುಂಟು, ವರ್ಷದಲ್ಲಿ ಒಂಬತ್ತು-ಹತ್ತು ತಿಂಗಳು ಮನೆ ಬಿಟ್ಟಿರಬೇಕೇನೋ ಎಂದು. ಲೆಕ್ಕ ಅಷ್ಟು ಭಯಂಕರವಲ್ಲ. ಐದು ಕೆಲಸದ ದಿನಗಳಲ್ಲಿ ನಾಲ್ಕು ದಿನ ಗ್ರಾಹಕ ಕಂಪನಿಯ ಊರಿನಲ್ಲಿರಬೇಕಾದೀತು ಎನ್ನುವುದಷ್ಟೇ ಅದರ ತಾತ್ಪರ್ಯ. ಸೋಮವಾರ ಬೆಳಗ್ಗೆ ಹೊರಟು ಗುರುವಾರ ರಾತ್ರಿ ಮನೆ ಸೇರುವುದು, ಶುಕ್ರವಾರ ಸ್ವಂತ ಊರಿನ ಕಚೇರಿ. ಮೂರು ರಾತ್ರಿ ಹೋಟೆಲು, ಶನಿವಾರ-ಭಾನುವಾರ ಮನೆಯದು. ಅಮೆರಿಕದಲ್ಲಿ ಬೇರೂರಿದ ಈ ಪದ್ಧತಿಯೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಭಾರತಕ್ಕೂ ಬಂತು.

ಅದೂ ಹೊರಊರಿನ ಪ್ರಾಜೆಕ್ಟ್ ಕೈಯಲ್ಲಿದ್ದಾಗ ಮಾತ್ರ. ಮೂರು ತಿಂಗಳು ಎಡೆಬಿಡದೆ ಓಡಾಡಿದವರು ಮುಂದಿನ ಎರಡು ತಿಂಗಳು ತಮ್ಮ ಕಚೇರಿ ಬಿಟ್ಟು ಕದಲದಿರಬಹುದು. ಹಾಗಾಗಿ ಸರಾಸರಿ ಕೇಳಿ ಪ್ರಯೋಜನವಿಲ್ಲ. ಪ್ರಾಜೆಕ್ಟ್ ಯಾವ ಬಗೆಯದು, ಗ್ರಾಹಕರು ಯಾವ ಊರಿನವರು, ನಿಮ್ಮ ದರ್ಜೆ ಏನು – ಇಷ್ಟು ಗೊತ್ತಾದರೆ ಓಡಾಟದ ಅಂದಾಜು ಸಿಗುತ್ತದೆ.

ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುವುದು ಪ್ರಾಜೆಕ್ಟಿನ ಬಗೆ. ಒಂದು ಹೂಡಿಕೆ ಸಂಸ್ಥೆ ಮತ್ತೊಂದು ಕಂಪನಿಯನ್ನು ಕೊಳ್ಳುವ ಮುನ್ನ ಅದರ ಮಾರುಕಟ್ಟೆ, ಲೆಕ್ಕಪತ್ರ ಜಾಲಾಡಿಸುತ್ತದಲ್ಲ, ಆ ‘ಡ್ಯೂ ಡಿಲಿಜೆನ್ಸ್’ ಕೆಲಸ ಎರಡರಿಂದ ನಾಲ್ಕು ವಾರಗಳಲ್ಲಿ ಮುಗಿಯುತ್ತದೆ. ವಿಮಾನ ಹತ್ತುವ ಪ್ರಸಂಗ ಕಡಿಮೆ. ಆದರೆ ನಡುರಾತ್ರಿಯವರೆಗೂ ಲ್ಯಾಪ್‌ಟಾಪ್ ಮುಚ್ಚುವಂತಿಲ್ಲ. ಮನೆಯಲ್ಲಿದ್ದೂ ಮನೆಯವರಿಗೆ ಸಿಗದ ದಿನಗಳವು. ಬ್ಯಾಂಕೊಂದರ ಮುಂದಿನ ಐದು ವರ್ಷಗಳ ಯೋಜನೆ ರೂಪಿಸುವ ಕೆಲಸವಾದರೆ ಎಂಟು-ಹನ್ನೆರಡು ವಾರ, ವಾರವಾರ ಮುಂಬೈ. ಕಾರ್ಖಾನೆಯ ಖರ್ಚು ಇಳಿಸುವ, ಉತ್ಪಾದನೆ ಏರಿಸುವ ಪ್ರಾಜೆಕ್ಟುಗಳ ಕಥೆಯೇ ಬೇರೆ. ನಮ್ಮ ತೋರಣಗಲ್ಲಿನಂಥ ಅಥವಾ ಜಮ್ಶೆಡ್‌ಪುರದಂಥ ಉಕ್ಕಿನ ಊರಿನಲ್ಲಿ ಇಡೀ ತಂಡ ಕಂಪನಿಯ ಗೆಸ್ಟ್‌ಹೌಸಿನಲ್ಲಿ ತಿಂಗಳುಗಟ್ಟಲೆ ಬೀಡುಬಿಡುತ್ತದೆ. ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಹೆಲ್ಮೆಟ್, ಸೇಫ್ಟಿ ಶೂ ಹಾಕಿಕೊಂಡು ಫೋರ್‌ಮನ್ ಪಕ್ಕ ನಿಂತಿರಬೇಕು. ಯಂತ್ರ ಯಾಕೆ ಪದೇಪದೇ ನಿಲ್ಲುತ್ತದೆ ಎಂಬುದನ್ನು ಫೋರ್‌ಮನ್ ವಿಡಿಯೊ ಕಾಲ್‌ನಲ್ಲಿ ಹೇಳುವುದಿಲ್ಲ. ಜತೆಗೆ ನಿಂತು ಚಹಾ ಕುಡಿದವರಿಗೆ ಹೇಳುತ್ತಾನೆ. ಎಂಜಿನಿಯರಿಂಗ್ ಓದಿ, ಆಮೇಲೆ ಎಂಬಿಎ ಮಾಡಿದ ನಮ್ಮ ಹುಡುಗ-ಹುಡುಗಿಯರು ಇಂಥ ಪ್ರಾಜೆಕ್ಟಿಗೆ ಮನಸ್ಸು ಗಟ್ಟಿ ಮಾಡಿಕೊಂಡಿರುವುದು ಒಳ್ಳೆಯದು. ಕೆಲಸ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಊರಿನ ಲೆಕ್ಕ. ದೊಡ್ಡ ಬ್ಯಾಂಕು, ವಿಮಾ ಕಂಪನಿಗಳ ಮುಖ್ಯ ಕಚೇರಿಗಳು ಹೆಚ್ಚಾಗಿ ಮುಂಬೈಯಲ್ಲಿ. ಕೇಂದ್ರ ಸರ್ಕಾರದ ಕೆಲಸ ದೆಹಲಿಯಲ್ಲಿ. ತಂತ್ರಜ್ಞಾನ, ಸ್ಟಾರ್ಟ್‌ಅಪ್ ಗ್ರಾಹಕರನ್ನು ನೋಡಿಕೊಳ್ಳುವ ಬೆಂಗಳೂರಿನವರಿಗೆ ಹೊರವರ್ತುಲ ರಸ್ತೆಯ ಟ್ರಾಫಿಕ್ಕೇ ಪ್ರಯಾಣ. ಬ್ಯಾಂಕಿಂಗ್ ಹಿಡಿದವರಿಗೆ ಮಾತ್ರ ಸೋಮವಾರದ ಆರು ಗಂಟೆಯ ವಿಮಾನ ತಪ್ಪಿದ್ದಲ್ಲ. ಅದರರ್ಥ ಜಯನಗರದ ಮನೆಯಿಂದ ಮೂರೂವರೆಗೆ ಕ್ಯಾಬ್ ಹತ್ತುವುದು, ಏಕೆಂದರೆ ದೇವನಹಳ್ಳಿ ನಲವತ್ತು ಕಿಲೋಮೀಟರ್ ದೂರ. ಲಗೇಜ್ ಬೆಲ್ಟಿನ ಮುಂದೆ ಕಾಯುವುದಕ್ಕೆ ಪುರುಸೊತ್ತಿಲ್ಲ, ಆದ್ದರಿಂದ ಏಳು ಕೆಜಿಯ ಕ್ಯಾಬಿನ್ ಬ್ಯಾಗಿನಲ್ಲೇ ನಾಲ್ಕು ದಿನದ ಸಂಸಾರ ಹಿಡಿಸಬೇಕು. ಇಸ್ತ್ರಿ ಬೇಡದ ಷರ್ಟು, ಒಂದೇ ಜೊತೆ ಶೂ.

ಸಂಸ್ಥೆಯಿಂದ ಸಂಸ್ಥೆಗೂ ನೀತಿ ಬೇರೆ. ಬೇನ್ ತನ್ನವರನ್ನು ಆದಷ್ಟೂ ಅವರವರ ಕಚೇರಿಯ ಆಸುಪಾಸಿನ ಪ್ರಾಜೆಕ್ಟುಗಳಿಗೇ ಹಾಕುತ್ತದೆ ಎಂಬ ಮಾತಿದೆ. ಮೆಕಿನ್ಸಿ ಬೇಕಾದ ಪರಿಣತರನ್ನು ಯಾವ ದೇಶದಿಂದಾದರೂ ಕರೆಸಿಕೊಳ್ಳುವುದಕ್ಕೆ ಹೆಸರಾಗಿದೆ.

ದುಬೈಗೆ ಹೋಗುವ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಯುಎಇ 2022ರ ಜನವರಿಯಿಂದ ವಾರದ ರಜೆಯನ್ನು ಶನಿವಾರ-ಭಾನುವಾರಕ್ಕೆ ಬದಲಿಸಿತು. ಸೌದಿಯಲ್ಲಿ ಮಾತ್ರ ಇಂದಿಗೂ ರಜೆ ಶುಕ್ರವಾರ-ಶನಿವಾರ. ಹೆಂಡತಿ, ಮಕ್ಕಳು ದುಬೈಯಲ್ಲಿ, ಪ್ರಾಜೆಕ್ಟ್ ರಿಯಾದಿನಲ್ಲಿ ಎಂದರೆ ಮಕ್ಕಳಿಗೆ ರಜೆ ಇರುವ ಭಾನುವಾರವೇ ಅಪ್ಪ ವಿಮಾನ ಹತ್ತಬೇಕು. ಸೌದಿ ಸರ್ಕಾರದ ಗುತ್ತಿಗೆ ಬೇಕಾದ ವಿದೇಶಿ ಕಂಪನಿಗಳು ತಮ್ಮ ಪ್ರಾದೇಶಿಕ ಮುಖ್ಯ ಕಚೇರಿಯನ್ನು ಅಲ್ಲೇ ಇಡಬೇಕೆಂಬ ನಿಯಮ 2024ರ ಜನವರಿಯಿಂದ ಜಾರಿಯಾಗಿದೆ. ಹಾಗಾಗಿ ರಿಯಾದಿನಲ್ಲೇ ಮನೆ ಮಾಡುವಂತೆ ಕೇಳುವ ಸಂದರ್ಭವೂ ಬಂದೀತು.

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವವರಿಗೆ ಕೆಲಸದ ಸ್ಥಳವೇ ವೀಸಾದ ಭಾಗ. ಸಿಮಿಯೊ ಎಂಬ ಕಂಪನಿಯ ಪ್ರಕರಣದಲ್ಲಿ 2015ರಲ್ಲಿ ಬಂದ ತೀರ್ಪಿನ ನಂತರ, ಅರ್ಜಿಯಲ್ಲಿ ತೋರಿಸಿದ ಮಹಾನಗರ ಪ್ರದೇಶದ ಆಚೆಗೆ ಕೆಲಸದ ಜಾಗ ಬದಲಾದರೆ ತಿದ್ದುಪಡಿ ಅರ್ಜಿ ಹಾಕಲೇಬೇಕು. ಅಲ್ಪಾವಧಿಗೆ ವಿನಾಯಿತಿ ಇದೆ: ಸಾಮಾನ್ಯವಾಗಿ ವರ್ಷಕ್ಕೆ 30 ಕೆಲಸದ ದಿನ, ಕೆಲವು ಷರತ್ತುಗಳಿಗೆ ಒಳಪಟ್ಟು 60. ದಿನಗಳ ಲೆಕ್ಕ ಕಂಪನಿಯ ವಕೀಲರಿಗಷ್ಟೇ ಬಿಡದೆ ನೀವೂ ಬರೆದಿಟ್ಟುಕೊಳ್ಳಿ.

ದೊಡ್ಡ ಹುದ್ದೆಗೇರಿದರೆ ಅಲೆದಾಟ ತಗ್ಗುತ್ತದೆ ಎಂದು ಹೊಸಬರು ನಂಬುತ್ತಾರೆ. ನಿಜ ಸಂಗತಿ ತಿರುಗಾಮುರುಗ. ಕಿರಿಯರಿಗೆ ಒಂದು ಹೊತ್ತಿಗೆ ಒಂದೇ ಪ್ರಾಜೆಕ್ಟ್, ಒಂದೇ ಊರು, ಒಂದೇ ಹೋಟೆಲ್. ಪಾರ್ಟ್ನರ್‌ಗೆ ಏಕಕಾಲಕ್ಕೆ ಎರಡು-ಮೂರು ಗ್ರಾಹಕರು. ಬೆಳಗ್ಗೆ ಚೆನ್ನೈ, ಸಂಜೆ ಹೈದರಾಬಾದ್. ಯಾವ ದಿನ ಎಲ್ಲಿ ಎಂಬುದನ್ನು ತಾನೇ ನಿರ್ಧರಿಸಬಹುದು ಎನ್ನುವುದಷ್ಟೇ ಪಾರ್ಟ್ನರ್‌ಗಿರುವ ಸುಖ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಎಲ್ಲರೂ ಮನೆಯಲ್ಲೇ ಕೂತಾಗ ಕೆಲಸವೇನೂ ನಿಲ್ಲಲಿಲ್ಲ. ವಿಮಾನದ ಖರ್ಚು ವಾಸ್ತವ ಬಿಲ್ಲಿನ ರೂಪದಲ್ಲೋ ಶುಲ್ಕದ ಮೇಲೆ ಇಂತಿಷ್ಟು ಶೇಕಡಾ ಎಂದೋ ಕೊನೆಗೆ ಬೀಳುವುದು ಗ್ರಾಹಕರ ತಲೆಗೇ. ಹಾಗಾಗಿ ‘ಎಲ್ಲರೂ ಯಾಕೆ ಬರಬೇಕು?’ ಎಂದು ಅವರೂ ಕೇಳಲು ಕಲಿತರು. ಓಡಾಟ ಮರಳಿ ಬಂದಿದೆ, ಆದರೆ ನಾಲ್ಕು ದಿನದ ಕಡೆ ಎರಡು-ಮೂರು ದಿನ ಸಾಕೆನ್ನುವ ಗ್ರಾಹಕರೂ ಇದ್ದಾರೆ. ಬಿಸಿಜಿಯಂಥ ಸಂಸ್ಥೆಗಳು 2030ರೊಳಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ಇಳಿಸುವ ಮಾತು ಕೊಟ್ಟಿರುವುದರಿಂದ ಅವಕ್ಕೂ ವಿಮಾನ ಕಡಿಮೆ ಮಾಡಬೇಕಾಗಿದೆ.

ಹೋಟೆಲ್ ಪಾಯಿಂಟಿನ ಆಸೆ ಕೆಲವರಿಗೆ. ಮ್ಯಾರಿಯಟ್‌ನಲ್ಲಿ ಪ್ಲಾಟಿನಂ ದರ್ಜೆಗೆ ವರ್ಷಕ್ಕೆ 50 ರಾತ್ರಿ ಬೇಕು. ವಾರಕ್ಕೆ ಮೂರರಂತೆ ಹದಿನೇಳು ವಾರದಲ್ಲಿ ಮುಗಿಯಿತು. ಉಚಿತ ರಜಾಪ್ರವಾಸ ಸಿಗುವುದೇನೋ ನಿಜ, ಆದರೆ ರಜೆಯಲ್ಲೂ ಹೋಟೆಲಿಗೆ ಹೋಗುವ ಉತ್ಸಾಹ ಆಗ ಉಳಿದಿರಬೇಕಲ್ಲ!

ಓಡಾಟ ಒಗ್ಗದವರಿಗೆ ದಾರಿಯಿಲ್ಲದಿಲ್ಲ. ಗುರುಗ್ರಾಮ, ಹೈದರಾಬಾದ್, ಬೆಂಗಳೂರುಗಳಲ್ಲಿರುವ ಇದೇ ಸಂಸ್ಥೆಗಳ ಸಂಶೋಧನೆ, ವಿಶ್ಲೇಷಣಾ ಕೇಂದ್ರಗಳಲ್ಲಿ ಕೂತಲ್ಲೇ ಕೆಲಸ. ಗ್ರಾಹಕರ ಮುಖ ಕಾಣುವುದು ಕಡಿಮೆ, ಏಣಿಯೂ ಬೇರೆ. ಮಗು ಚಿಕ್ಕದು, ಮನೆಯಲ್ಲಿ ಹಿರಿಯರಿಗೆ ಹುಷಾರಿಲ್ಲ ಎನ್ನುವಂಥ ಕಾರಣಗಳಿದ್ದರೆ ಪ್ರಾಜೆಕ್ಟ್ ಹಂಚುವವರಿಗೆ ಮುಂಚೆಯೇ ತಿಳಿಸಿ. ಹಂಚಿಕೆ ಮುಗಿದ ಮೇಲೆ ಹೇಳಿದರೆ ಕೇಳುವವರು ಕಡಿಮೆ.

ಸಂದರ್ಶನದ ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ?’ ಎಂದಾಗ ಶೇಕಡಾವಾರು ಕೇಳಬೇಡಿ. ಸೇರಿ ಎರಡು ವರ್ಷವಾದ ಒಬ್ಬರನ್ನು ಹುಡುಕಿ, ಕಳೆದ ಮೂರು ಪ್ರಾಜೆಕ್ಟ್ ಯಾವ ಊರುಗಳಲ್ಲಿದ್ದವು, ಪ್ರತಿಯೊಂದರ ಊರು ಎಷ್ಟು ದಿನ ಮುಂಚಿತವಾಗಿ ಗೊತ್ತಾಯಿತು ಎಂದು ವಿಚಾರಿಸಿ. ‘ಶುಕ್ರವಾರ ಫೋನ್ ಬಂತು, ಸೋಮವಾರ ಹೋದೆ’ ಎಂಬ ಉತ್ತರ ಬಂದರೆ, ಕಂಪನಿಯ ಕರಪತ್ರ ಏನೇ ಹೇಳಲಿ, ನಿಮಗೂ ಅಷ್ಟೇ ಸಮಯ ಸಿಗುವುದು ಎಂದು ತಿಳಿದೇ ಸಹಿ ಹಾಕಿ.