ಮೂರು ಅಂಗುಲದ ಜೋಡೆತ್ತು

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ರಾಣೆಬೆನ್ನೂರಿನ ಪೇಟೆಗೆ ಹೋದರೆ ಗೋಣಿಚೀಲ ಹಾಸಿ, ಜೋಡಿ ಜೋಡಿ ಎತ್ತು ನಿಲ್ಲಿಸಿಕೊಂಡು ಕೂತ ಕುಂಬಾರರು ಕಾಣುತ್ತಾರೆ. ಹಾವೇರಿಯಲ್ಲಿ, ಬ್ಯಾಡಗಿಯಲ್ಲಿ ಅಂದು ಇದೇ ನೋಟ. ಎರಡು ಎತ್ತು, ಅವುಗಳ ಮುಂದಿಡಲು ಒಂದು ಗ್ವಾದಲಿ, ಅಂದರೆ ಮೇವಿನ ತೊಟ್ಟಿ. ಕೊಳ್ಳುವವರು ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುವುದಿಲ್ಲ. ಅಂಗೈ ಮೇಲಿಟ್ಟು ತಿರುಗಿಸುತ್ತಾರೆ, ಕೋಡು ನೋಡುತ್ತಾರೆ, ಎರಡೂ ಸಮ ಎತ್ತರ ಇವೆಯೇ ಎಂದು ಕಣ್ಣಳತೆ ಹಾಕುತ್ತಾರೆ. ದನದ ಸಂತೆಯಲ್ಲಿ ಜೀವಂತ ಜೋಡಿ ಆರಿಸುವ ಕಣ್ಣೇ ಅದು.

ಒಂದು ವರ್ಷ ನನ್ನ ಜೊತೆ ಅಳಿಯ ಬಂದಿದ್ದ, ಅಕ್ಕನ ಮಗ. ಬೆಂಗಳೂರಿನಲ್ಲಿ ನೌಕರಿ, ಪುಟ್ಟ ಮಾದರಿ ಕಾರು ಕೂಡಿಡುವ ಹುಚ್ಚು. ಭಾನುವಾರ ಅವನಂಥವರು ಒಂದೆಡೆ ಸೇರುತ್ತಾರಂತೆ. ಮೇಜಿನ ಮೇಲೆ ಕಾರುಗಳನ್ನು ಹರಡಿಕೊಂಡು, ತನ್ನ ಹತ್ತಿರ ಎರಡಿರುವುದನ್ನು ಕೊಟ್ಟು ಇಲ್ಲದ್ದನ್ನು ಪಡೆಯುವುದು, ಚಕ್ರದ ಅಚ್ಚು, ಬಣ್ಣದ ಛಾಯೆ ಹಿಡಿದು ಗಂಟೆಗಟ್ಟಲೆ ಮಾತಾಡುವುದು. ಆ ಲೋಕದಲ್ಲಿ ಎಲ್ಲಕ್ಕೂ ಲೆಕ್ಕವಿದೆ. 1968ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಹಾಟ್ ವೀಲ್ಸ್ ಕಾರುಗಳು ಸುಮಾರಾಗಿ 1:64, ಅಂದರೆ ನಿಜವಾದ ಕಾರಿನ ಅರವತ್ನಾಲ್ಕರಲ್ಲಿ ಒಂದು ಪಾಲು. ಬಾಗಿಲು ತೆಗೆದು ಮುಚ್ಚಲು ಬರುವ ದೊಡ್ಡ ಮಾದರಿಗಳು ಹೆಚ್ಚಾಗಿ 1:18.

ಅವನು ಮಣ್ಣೆತ್ತು ಕೈಗೆತ್ತಿಕೊಂಡು ಕೇಳಿದ: ‘ಮಾಮಾ, ಇದು ಯಾವ ಸ್ಕೇಲು?’

ಮನೆಗೆ ಬಂದು ಟೇಪು ಹಿಡಿದೆವು. ಕೊಟ್ಟಿಗೆಯ ಎತ್ತು ಹಿಣಿಲಿನ ತನಕ ನಾಲ್ಕೂವರೆ ಅಡಿ, 54 ಅಂಗುಲ. ಮಣ್ಣಿನದು 3 ಅಂಗುಲ. ಸರಿಯಾಗಿ ಹದಿನೆಂಟರಲ್ಲಿ ಒಂದು ಪಾಲು! ಟೇಪು ಮುಟ್ಟದ ಕೈ ಮಾಡಿದ ಎತ್ತು ಅದು.

ಆ ಕೈಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕೆರೆಯ ಜಿಗುಟು ಮಣ್ಣನ್ನು ಕಲ್ಲು ಬೇರು ಆರಿಸಿ, ಸ್ವಲ್ಪ ಅರಳೆ ಸೇರಿಸಿ ನಾದಿ ಹದ ಮಾಡುತ್ತಾರೆ. ಅರಳೆಯ ಎಳೆ ಒಳಗಿದ್ದರೆ ಒಣಗುವಾಗ ಸೀಳು ಬಿಡುವುದಿಲ್ಲ. ಒಂದು ಉಂಡೆಯನ್ನು ಉದ್ದಕ್ಕೆ ತೀಡಿ, ಅದರಿಂದಲೇ ನಾಲ್ಕು ಕಾಲು ಹಿಂಡಿ ಇಳಿಸುತ್ತಾರೆ. ಹಸಿ ಮಣ್ಣು ಭಾರ ತಡೆಯಬೇಕಾದ್ದರಿಂದ ಕಾಲು ದಪ್ಪ, ಗಿಡ್ಡ. ಕೊರಳ ಕೆಳಗೆ ಎರಡು ಬೆರಳಲ್ಲಿ ಚಿವುಟಿದರೆ ಗಂಗೆದೊಗಲು ಜೋತುಬೀಳುತ್ತದೆ. ಆಮೇಲೆ ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ ಹಿಣಿಲು. ಹಿಣಿಲಿನ ಬಗ್ಗೆ ಪೇಟೆಯಲ್ಲಿ ಗೋಣಿಚೀಲದ ಮೇಲೆ ಕೂತ ಕುಂಬಾರ ಅಜ್ಜಿಯೊಬ್ಬಳು ಅಳಿಯನಿಗೆ ಹೇಳಿದ್ದು ನನಗೆ ಮರೆತಿಲ್ಲ. ‘ಹಿಣಿಲು ಭಾಳ ಎತ್ತಿದ್ರ ಹೋರಿ ಆಗತೈತಿ ತಮ್ಮಾ. ಪೂಜಿ ಎತ್ತಿಂದು.’ ಬೀಜ ಒಡೆದ ಎತ್ತಿನ ಹಿಣಿಲು ಹೋರಿಯಷ್ಟು ಬೆಳೆಯುವುದಿಲ್ಲ. ಮೂರು ಅಂಗುಲದ ಮಣ್ಣಿನಲ್ಲಿ ಅಷ್ಟು ಫರಕು ಅವರು ಉಳಿಸುತ್ತಾರೆ.

ಕೋಡು ಕೊನೆಗೆ. ಹಳ್ಳಿಕಾರ ತಳಿಯ ಕೋಡು ಬುಡದಲ್ಲಿ ಒತ್ತಾಗಿ ಹುಟ್ಟಿ, ಹಿಂದಕ್ಕೆ ಹೋಗಿ, ತುದಿಯಲ್ಲಿ ಮುಂದಕ್ಕೆ ಬಾಗುತ್ತದೆ. ಆ ಬಾಗು ಬಂದರೆ ಉಳಿದದ್ದು ಹೇಗಿದ್ದರೂ ಎತ್ತು ಎತ್ತಾಗಿಯೇ ಕಾಣುತ್ತದೆ. ಕಣ್ಣಿಗೆ ಗುಲಗಂಜಿ ಇಲ್ಲವೇ ಕುಸುಬಿ ಕಾಳು. ನೆರಳಲ್ಲಿ ಒಣಗಿಸಿ ಸುಣ್ಣ, ಕೆಮ್ಮಣ್ಣು ಬಳಿಯುತ್ತಾರೆ. ಆವಿಗೆಯಲ್ಲಿ ಸುಡುವುದಿಲ್ಲ.

ಕಾರ ಹುಣ್ಣಿಮೆಗೆ ಕೊಟ್ಟಿಗೆಯ ಎತ್ತುಗಳನ್ನು ಸಿಂಗರಿಸಿ, ಓಡಿಸಿ, ಕರಿ ಎಂಬ ತೋರಣ ಹರಿಸಿದ ಹದಿನೈದು ದಿನಕ್ಕೆ, ಜ್ಯೇಷ್ಠದ ಕೊನೆಗೆ, ಈ ಅಮಾವಾಸ್ಯೆ ಬರುತ್ತದೆ. ಮುಂಗಾರು ಬಿತ್ತನೆಯ ಕಾಲ. ಜಗಲಿ ಮೇಲೆ ಜೋಡಿಯನ್ನು ಕೂರಿಸಿ ಹೋಳಿಗೆ, ಕಡುಬಿನ ಎಡೆ ಹಿಡಿಯುತ್ತಾರೆ. ಉತ್ತರ ಕರ್ನಾಟಕದ ಮಣ್ಣಿನ ಪೂಜೆಗಳಲ್ಲಿ ಇದು ವರ್ಷದ ಮೊದಲನೆಯದು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ, ಆಮೇಲೆ ಜೋಕುಮಾರ. ಹಿಂದೆ ಕುಂಬಾರರು ಎತ್ತುಗಳನ್ನು ಬುಟ್ಟಿಯಲ್ಲಿಟ್ಟು ಮನೆ ಮನೆಗೆ ಕೊಟ್ಟು ಜೋಳ ಒಯ್ಯುತ್ತಿದ್ದರು. ಈಗ ಹೆಚ್ಚಿನ ವ್ಯವಹಾರ ಪೇಟೆಯಲ್ಲಿ, ರೊಕ್ಕಕ್ಕೆ. ಅಚ್ಚಿನಲ್ಲಿ ತೆಗೆದು ಎಣ್ಣೆಬಣ್ಣ ಬಳಿದವೂ ಬಂದಿವೆ. ಹೊಳೆಯುತ್ತವೆ ನಿಜ, ಆದರೆ ಅವುಗಳಲ್ಲಿ ಎಲ್ಲ ಎತ್ತಿಗೂ ಒಂದೇ ಮುಖ. ನನಗೆ ಬೆರಳಚ್ಚು ಉಳಿದ ಎತ್ತೇ ಬೇಕು.

ಅಳಿಯ ಹೇಳಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಜಾಕ್ ಓಡೆಲ್ ಎಂಬ ಎಂಜಿನಿಯರನ ಮಗಳ ಶಾಲೆಯಲ್ಲಿ, ಬೆಂಕಿಪೆಟ್ಟಿಗೆಯೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದೆಂಬ ನಿಯಮವಿತ್ತು. ಅಪ್ಪ ಅಷ್ಟೇ ಗಾತ್ರದ ಹಿತ್ತಾಳೆಯ ರೋಡ್ ರೋಲರ್ ಮಾಡಿಕೊಟ್ಟ. ಮ್ಯಾಚ್‌ಬಾಕ್ಸ್ ಕಾರುಗಳು ಹುಟ್ಟಿದ್ದು ಅಲ್ಲಿಂದ. ನಮ್ಮ ಹಾವೇರಿ ಜಿಲ್ಲೆಯಲ್ಲಿ ಈ ಪುಟ್ಟ ಮಾದರಿಗಳ ಇನ್ನೊಂದು ತುದಿಯೂ ಇದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಹಳ್ಳಿಯ ಬದುಕನ್ನು, ದನಕರು ಸಹಿತ, ನಿಜದ ಗಾತ್ರದಲ್ಲೇ ನಿಲ್ಲಿಸಿದ್ದಾರೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಚೀಲಗಳು ಈಗ ಎತ್ತಿನ ಗಾಡಿಯ ಬದಲು ಲಾರಿ, ಟ್ರ್ಯಾಕ್ಟರಿನಲ್ಲಿ ಬರುತ್ತವೆ. ಎಷ್ಟೋ ಕೊಟ್ಟಿಗೆಗಳಲ್ಲಿ ಎತ್ತೇ ಇಲ್ಲ. ಆದರೂ ಅಂಥ ಮನೆಯವರು ಒಂದು ಜೋಡಿ ಮಣ್ಣೆತ್ತು ತಪ್ಪದೆ ಒಯ್ಯುತ್ತಾರೆ. ಮನೆಯಲ್ಲಿ ಉಳಿದಿರುವ ಎತ್ತು ಅದೊಂದೇ.

ಪೂಜೆ ಮುಗಿದ ಮೇಲೆ ಅವನ್ನು ಬಾವಿಗೋ ಕೆರೆಗೋ ಬಿಡುತ್ತಾರೆ. ಸುಡದ ಮಣ್ಣಾದ್ದರಿಂದ ನೋಡನೋಡುತ್ತ ಕರಗುತ್ತದೆ. ಅಳಿಯನಿಗೆ ಇದು ಸಹಿಸಲಾಗಲಿಲ್ಲ. ಬೆಂಗಳೂರಿನ ಗಾಜಿನ ಕಪಾಟಿನಲ್ಲಿ ಇಡುತ್ತೇನೆ, ಕೊಡು ಎಂದು ನಮ್ಮ ಅವ್ವನನ್ನು ಕಾಡಿದ.

‘ಎತ್ತು ಕಪಾಟಿನ್ಯಾಗ ಕಟ್ಟತಾರನ?’ ಎಂದಳು ಅವ್ವ, ‘ನೀರಿಗೆ ಬಿಟ್ಟು ಬಾ, ಹೋಗು.’

ಬಿಟ್ಟು ಬಂದ. ಆಮೇಲೆ, ಪೇಟೆಯ ಅಜ್ಜಿ ಹಸಿ ಅರಿವೆಯಲ್ಲಿ ಸುತ್ತಿ ಕೊಟ್ಟಿದ್ದ ಮಣ್ಣಿನ ಮುದ್ದೆಯನ್ನು ಬಿಚ್ಚಿಕೊಂಡು ಪಡಸಾಲೆಯಲ್ಲಿ ಕೂತ. ಕಾಲು ಸುಲಭಕ್ಕೆ ಬಂದವು. ಕೋಡು ನಾಲ್ಕು ಸಲ ಮುರಿದವು. ಐದನೆಯ ಸಲಕ್ಕೆ ಅವ್ವ ಪಕ್ಕಕ್ಕೆ ಬಂದು ಕೂತು, ಕಸಬರಿಗೆಯ ಕಡ್ಡಿ ಎರಡು ತುಂಡು ಮಾಡಿ ಕೊಟ್ಟಳು.